ರಾಮಣ್ಣನ ಅಂಗಡಿಯ ಒಲೆ

ನಮ್ಮ ಊರಿನಲ್ಲಿ ಯಾರೂ ನೋಡದೆ ಬಿಟ್ಟ ಬೆಂಕಿ ಆರಿಹೋಗುತ್ತದೆ. ಎಲೆ ಅಡಿಕೆ ಮಡಿಚಿ ಬಾಯಿಗೆ ಇಟ್ಟುಕೊಳ್ಳುವಷ್ಟು ಹೊತ್ತು ಬೇರೆ ಕಡೆ ತಿರುಗಿದರೆ ಪರವಾಗಿಲ್ಲ. ಬಾಗಿಲಿಗೆ ಬಂದ ಹಾಲಿನವರ ಜೊತೆ ನಾಲ್ಕು ಮಾತಾಡಿ ಒಳಗೆ ಬರುವಷ್ಟರಲ್ಲಿ ಒಲೆ ತಣ್ಣಗಾಗಿರುತ್ತದೆ. ಸೌದೆಯಾದರೂ ಅಷ್ಟೆ, ಗ್ಯಾಸಾದರೂ ಅಷ್ಟೆ. ಇದರಿಂದ ಒಳ್ಳೆಯದೂ ಇದೆ. ನಮ್ಮಲ್ಲಿ ಮನೆಗೆ ಬೆಂಕಿ ಬಿತ್ತು ಎಂಬ ಸುದ್ದಿಯನ್ನು ನಾನು ಕೇಳಿಲ್ಲ. ಸ್ಮಶಾನದಲ್ಲಿ ಕೊನೆಯ ಕೊಳ್ಳಿ ಬೂದಿಯಾಗುವವರೆಗೆ ಯಾರಾದರೂ ಒಬ್ಬರು ನಿಂತು ನೋಡಲೇಬೇಕಾದ್ದರಿಂದ, ಎಷ್ಟು ಜಗಳವಾಡಿದ ಮಕ್ಕಳಾದರೂ ಆ ಒಂದು ದಿನ ಅಪ್ಪನಿಗೆ ಮುಖ ಕೊಟ್ಟು ನಿಂತಿರುತ್ತಾರೆ. ಕಷ್ಟವೆಲ್ಲ ಅಡುಗೆಮನೆಯಲ್ಲಿ. ಜನ ಇರುವ ಮನೆಯಲ್ಲಿ ಸರದಿಯ ಮೇಲೆ ಕೂತು ಹುರುಳಿಕಟ್ಟು ಕಾಯಿಸುತ್ತಾರೆ, ಹೂರಣ ಬೇಯಿಸುತ್ತಾರೆ. ಒಬ್ಬರೇ ಇರುವವರು ಉಪ್ಪಿಟ್ಟು, ಅವಲಕ್ಕಿಯಲ್ಲೇ ವರ್ಷ ಕಳೆಯುತ್ತಾರೆ. ಒಂಟಿ ಮನೆಯಲ್ಲಿ ಬೇಳೆ ಬೇಯುವುದಿಲ್ಲ ಎಂದು ನಮ್ಮಲ್ಲೊಂದು ಗಾದೆಯೇ ಇದೆ.

ನಾನು ಹದಿನೇಳು ವರ್ಷದಿಂದ ಒಂಟಿ. ನನ್ನ ಗಂಡ ಹೊಳೆಯಾಚೆಯ ಊರಿನಲ್ಲಿ ಬೇರೆ ಸಂಸಾರ ಮಾಡಿಕೊಂಡಿದ್ದಾರೆ. ಅದನ್ನು ಹೇಳುವಾಗ ನನಗೆ ಈಗ ಕೋಪವೂ ಬರುವುದಿಲ್ಲ. ನಗರಸಭೆಯಲ್ಲಿ ನೀರಿನ ಮೀಟರ್ ಓದುವ ಕೆಲಸ ನನ್ನದು. ಬೆಳಗ್ಗೆ ಒಂಬತ್ತೂವರೆಗೆ ರಿಜಿಸ್ಟರ್ ಹಿಡಿದು ಹೊರಟರೆ ಸಂಜೆ ನಾಲ್ಕರವರೆಗೆ ಬೀದಿ ಬೀದಿ ಅಲೆಯಬೇಕು. ಮನೆಗೆ ಬಂದು ಎರಡು ಗಂಟೆ ಒಲೆಯ ಮುಂದೆ ಕೂರುವ ಚೈತನ್ಯ ಇರುವುದಿಲ್ಲ. ನನ್ನಂಥವರು ಊರಿನಲ್ಲಿ ಬಹಳ ಜನ. ನಮ್ಮನ್ನೆಲ್ಲ ಸಾಕಿದ್ದು ರಾಮಣ್ಣನ ಅಂಗಡಿಗಳು.

ರಾಮಣ್ಣ ಎಂಬ ಮನುಷ್ಯ ಯಾರೂ ಇರಲಿಲ್ಲ. ಹಿಂದೆ ಹಡಗಿನಲ್ಲಿ ಅಡುಗೆಗಿದ್ದ ಒಬ್ಬರು ದೂರದ ದ್ವೀಪವೊಂದರಲ್ಲಿ ಕಲಿತ ಊಟವನ್ನು ಇಲ್ಲಿಗೆ ತಂದು, ಅಂಗಡಿ ತೆರೆದು, 'ರಾಮೆನ್' ಎಂದು ಬೋರ್ಡು ಬರೆಸಿದರು. ನಮ್ಮ ಜನ ಅದನ್ನು ರಾಮಣ್ಣ ಮಾಡಿಕೊಂಡರು. ಕೋಳಿ ಮೂಳೆ, ಕುರಿ ಕಾಲಿನ ಮೂಳೆ, ಶುಂಠಿ, ಬೆಳ್ಳುಳ್ಳಿ ಹಾಕಿ ಇಡೀ ದಿನ ಕುದಿಸಿದ ಹಾಲುಬಣ್ಣದ ಸಾರು, ಅದರಲ್ಲಿ ಕೈಯಲ್ಲೇ ಎಳೆದ ಗೋಧಿ ಶಾವಿಗೆ, ಮೇಲೆ ಅರ್ಧ ಮೊಟ್ಟೆ, ಹೆಚ್ಚಿದ ಈರುಳ್ಳಿ ಸೊಪ್ಪು, ಹುರಿದ ಎಳ್ಳು. ಇಡೀ ದಿನ ಕುದಿಸಿದ್ದು ಎನ್ನುವುದೇ ನಮಗೆ ಅದರ ದೊಡ್ಡ ರುಚಿ. ಯಾರೋ ನಮಗಾಗಿ ಬೆಳಗಿನಿಂದ ಕೂತು ನೋಡಿದ್ದಾರೆ ಎಂಬುದು ಮೊದಲ ಗುಟುಕಿಗೇ ಗೊತ್ತಾಗುತ್ತಿತ್ತು. ಒಂದು ಕಾಲಕ್ಕೆ ಅಂಥ ಅಂಗಡಿಗಳು ಊರಿನಲ್ಲಿ ಒಂಬತ್ತು ಇದ್ದವು, ಎಲ್ಲವೂ ಒಂದೇ ಕಂಪನಿಯವು. ನಾನು ಮಂಗಳವಾರ ಮತ್ತು ಶುಕ್ರವಾರ ಹೋಗುತ್ತಿದ್ದದ್ದು ಹಳೆ ಸೇತುವೆಯ ಪಕ್ಕದ ಅಂಗಡಿಗೆ.

ಅಲ್ಲಿ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದವರು ವಾಸುದೇವ, ನಮ್ಮೆಲ್ಲರ ಬಾಯಲ್ಲಿ ವಾಸಣ್ಣ. ಹಿಟ್ಟು ನಾದುವುದು, ಶಾವಿಗೆ ಎಳೆಯುವುದು, ಬಟ್ಟಲು ತಂದಿಡುವುದು, ಮೇಜು ಒರೆಸುವುದು ಎಲ್ಲ ಅವರೇ. ಅಡುಗೆಮನೆಯ ಅಡ್ಡಗೋಡೆಯಾಚೆ ಸಾರಿನ ಒಲೆ; ಅದರ ಮುಂದೆ ಒಲೆಗಾವಲಿಗೆ ಚೆನ್ನಾಜಮ್ಮ ಎಂಬಾಕೆ. ಬೆಳಗ್ಗೆ ಎಂಟಕ್ಕೆ ಪಾತ್ರೆ ಏರುತ್ತಿತ್ತು, ಸಂಜೆ ಐದಕ್ಕೆ ಅಂಗಡಿ ತೆರೆಯುತ್ತಿತ್ತು, ಏಳೂವರೆ ಎಂಟರ ಹೊತ್ತಿಗೆ ಪಾತ್ರೆ ಖಾಲಿ. ಅಲ್ಲಿಯವರೆಗೂ ಆಕೆ ಕೂತೇ ಇರುತ್ತಿದ್ದರು, ಮಧ್ಯಾಹ್ನ ಬುತ್ತಿ ಉಣ್ಣುವಾಗ ಮಾತ್ರ ವಾಸಣ್ಣ ಕಾಲು ಗಂಟೆ ಬದಲಿಗೆ ನಿಲ್ಲುತ್ತಿದ್ದರು. ನಾವು ಯಾರೂ ಆಕೆಯನ್ನು ಮಾತಾಡಿಸುತ್ತಿರಲಿಲ್ಲ. ಬಸ್ಸಿನ ಡ್ರೈವರನ್ನು ಮಾತಾಡಿಸಬಾರದು ಎನ್ನುವಂತೆ, ಒಲೆಗಾವಲಿನವರನ್ನು ಮಾತಾಡಿಸಬಾರದು ಎಂದು ನಮಗೆ ಚಿಕ್ಕಂದಿನಲ್ಲೇ ಹೇಳಿಕೊಟ್ಟಿರುತ್ತಾರೆ.

ಎಲ್ಲದರ ಬೆಲೆ ಏರತೊಡಗಿದ್ದು ಯಾವಾಗ ಎಂದು ನನಗೆ ಸರಿಯಾಗಿ ನೆನಪಿಲ್ಲ. ನೆನಪಿರುವುದು ಮೊಟ್ಟೆ. ಅರ್ಧ ಇದ್ದದ್ದು ಒಂದು ಮಂಗಳವಾರ ಕಾಲು ಭಾಗವಾಯಿತು. ಆಮೇಲೆ ಎರಡು ತೆಳ್ಳನೆಯ ಬಿಲ್ಲೆಗಳು, ಹಳದಿ ಒಂದರಲ್ಲಿ ಮಾತ್ರ. ಎಳ್ಳು ನಿಂತುಹೋಯಿತು. ಹೊಸ ಬಟ್ಟಲು ಬಂದವು, ನೋಡಲು ಅಂದವಾಗಿದ್ದವು, ತಳ ಮಾತ್ರ ದಪ್ಪ. ವಾಸಣ್ಣ ಮೊದಲೆಲ್ಲ ಬಟ್ಟಲು ಇಟ್ಟು, ಇವತ್ತು ಯಾವ ಬೀದಿ, ನಾಯಿ ಕಾಟ ಇತ್ತೇ ಎಂದು ವಿಚಾರಿಸಿ ಹೋಗುತ್ತಿದ್ದವರು, ಈಗ ಇಟ್ಟ ತಕ್ಷಣ ಸರಸರನೆ ಒಳಗೆ ನಡೆದುಬಿಡುತ್ತಿದ್ದರು. ಬಟ್ಟಲಿನ ಮೇಲೆ ನಮ್ಮ ಕಣ್ಣು ಬೀಳುವಾಗ ಅಲ್ಲಿ ಇರಬಾರದು ಎಂದು. ಪೇಟೆಯ ಅಂಗಡಿ ಮುಚ್ಚಿತು. ಸ್ಟೇಷನ್ ಹತ್ತಿರದ್ದು ಮೊಬೈಲ್ ಅಂಗಡಿಯಾಯಿತು. ಒಂಬತ್ತರಲ್ಲಿ ಮೂರು ಉಳಿದವು.

ಒಂದು ಶುಕ್ರವಾರ ವಾಸಣ್ಣ ಒಳಗೆ ಹೋಗದೆ ನಿಂತರು. ಮಳೆಗಾಲ ಮುಗಿಯುವುದರೊಳಗೆ ಖರ್ಚು ಇಳಿಸದಿದ್ದರೆ ಈ ಅಂಗಡಿಯನ್ನೂ ಮುಚ್ಚಬೇಕು ಎಂದು ಹೆಡ್ ಆಫೀಸಿನಿಂದ ಪತ್ರ ಬಂದಿದೆ ಎಂದರು. ಹಿಟ್ಟಿನಲ್ಲಿ ಇನ್ನು ಇಳಿಸಲಾಗುವುದಿಲ್ಲ, ಸೌದೆಯಲ್ಲಿ ಆಗುವುದಿಲ್ಲ. ಪೊಟ್ಟಣದ ಸಾರಿನ ಪುಡಿ ಕಳಿಸುತ್ತೇವೆ, ಹತ್ತು ನಿಮಿಷದಲ್ಲಿ ಆಗುತ್ತದೆ, ಒಲೆಗಾವಲೇ ಬೇಡ ಎಂದು ಬರೆದಿದ್ದರಂತೆ. ಒಂದು ಪೊಟ್ಟಣ ಮಾದರಿಗೆ ಬಂದಿತ್ತು. ವಾಸಣ್ಣ ಅದನ್ನು ನಮ್ಮ ಮೇಜಿನ ಮೇಲಿಟ್ಟರು. ಪಕ್ಕದಲ್ಲಿ ಕೂತಿದ್ದ ನಾಗೋಜಿ ಮೇಷ್ಟ್ರು, ಡ್ರಾಯಿಂಗ್ ಕಲಿಸಿ ನಿವೃತ್ತರಾದವರು, ಅದನ್ನು ಮೂಸಿ ನೋಡಿ ಕೆಳಗಿಟ್ಟು ಬೆರಳು ಒರೆಸಿಕೊಂಡರು.

ಆಗ ನನಗೆ ಆ ಯೋಚನೆ ಹೊಳೆಯಿತು. ಹೊಳೆದಾಗ ನನಗೆ ಬಹಳ ಹೆಮ್ಮೆಯಾಯಿತು ಎನ್ನುವುದನ್ನೂ ಹೇಳಿಬಿಡಬೇಕು. ದಿನಕ್ಕೆ ಹನ್ನೆರಡು ಗಂಟೆ ತಾನೆ ಒಲೆ ನೋಡಬೇಕಾದ್ದು? ದಿನವೂ ಇಲ್ಲಿಗೆ ಬರುವವರು ಐವತ್ತು ಅರವತ್ತು ಜನ. ವಾರಕ್ಕೆ ಒಂದೆರಡು ಗಂಟೆ ನಾವೇ ಕೂತರೆ ಆಯಿತು. ನನ್ನ ರಿಜಿಸ್ಟರಿನ ಹಿಂದಿನ ಹಾಳೆಯಲ್ಲಿ ಗೆರೆ ಎಳೆದು ಪಟ್ಟಿ ಮಾಡಿದೆ. ಬೆಳಗ್ಗೆ ಎಂಟರಿಂದ ಒಂಬತ್ತು, ವಾರದಲ್ಲಿ ಮೂರು ದಿನ, ನನ್ನ ಹೆಸರು. ಮೇಷ್ಟ್ರು ಮಧ್ಯಾಹ್ನದ ಎರಡು ಗಂಟೆಗಳನ್ನು ಕೇಳಿ ಪಡೆದರು. ಸಾಮಿಲ್ಲಿನಲ್ಲಿ ಕೆಲಸ ಮಾಡುವ ರೇವಣ್ಣ ಭಾನುವಾರ ಬರುತ್ತೇನೆಂದರು, ಮಾಲೀಕರನ್ನು ಕೇಳಿ ಮರದ ತುಂಡುಗಳನ್ನೂ ತರುತ್ತೇನೆಂದರು. ರೇವಣ್ಣ ಹೆಂಡತಿಯನ್ನು ಕಳೆದುಕೊಂಡವರು. ಪ್ರತಿ ಶುಕ್ರವಾರ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಬಂದು, ಒಂದು ಬಟ್ಟಲು ತರಿಸಿ, ಮೂವರೂ ಹಂಚಿಕೊಂಡು ತಿನ್ನುತ್ತಿದ್ದರು. ಒಂದು ಗಂಟೆಯೊಳಗೆ ಪಟ್ಟಿ ತುಂಬಿತು. ವಾಸಣ್ಣ ಅದನ್ನು ಕೈಯಲ್ಲಿ ಹಿಡಿದು ಮೂರು ಸಲ ಓದಿದರು. ಆಮೇಲೆ ದನಿ ತಗ್ಗಿಸಿ ನನ್ನನ್ನು ಕೇಳಿದರು.

"ಚೆನ್ನಾಜಮ್ಮಂಗೆ ಏನಂತ ಹೇಳ್ಲಿ, ಅಂಬುಜಕ್ಕ?"

"ಅವರಿಗೂ ವಯಸ್ಸಾಯ್ತಲ್ಲ ವಾಸಣ್ಣ. ಒಂದಷ್ಟು ವಿಶ್ರಾಂತಿ ಸಿಗುತ್ತೆ ಬಿಡಿ" ಎಂದೆ.

ಅಡ್ಡಗೋಡೆಯಾಚೆ ಕೂತಿದ್ದ ಆಕೆಗೆ ಆ ಮಾತು ಕೇಳಿಸಿತೋ ಇಲ್ಲವೋ, ನನಗೆ ಗೊತ್ತಿಲ್ಲ. ಕೇಳಿಸಬಹುದು ಎಂಬುದು ಆಗ ನನಗೆ ತೋಚಲೂ ಇಲ್ಲ.

ಮೊದಲ ಮೂರು ವಾರ ಹಬ್ಬದ ಹಾಗಿತ್ತು. ಜನ ತಮ್ಮ ಗಂಟೆಗೆ ಐದು ನಿಮಿಷ ಮುಂಚೆಯೇ ಬರುತ್ತಿದ್ದರು. ಮೇಷ್ಟ್ರು ಒಲೆ ನೋಡುತ್ತ ಹಳೆಯ ಮಟ್ಟುಗಳನ್ನು ಗುನುಗುತ್ತಿದ್ದರು. ಬಟ್ಟಲಿನಲ್ಲಿ ಮೊಟ್ಟೆ ಮತ್ತೆ ಅರ್ಧವಾಯಿತು, ಎಳ್ಳು ಬಂತು. ಊರಿನ ಬೇರೆ ಕಡೆಯವರು ನಮ್ಮ ಪಟ್ಟಿಯನ್ನು ನೋಡಲು ಬಂದರು. ನಗರಸಭೆಯ ಕಚೇರಿಯಲ್ಲಿ ನಾನು ಈ ವಿಷಯವನ್ನು ಎರಡು ಮೂರು ಸಲ ಹೇಳಿದೆ, ಕೇಳದವರಿಗೂ ಹೇಳಿದೆ.

ಆದರೆ ಒಂದು ಗಂಟೆ ಬೆಂಕಿಯನ್ನೇ ನೋಡುವುದು ನಾನು ಅಂದುಕೊಂಡಷ್ಟು ಸುಲಭವಾಗಿರಲಿಲ್ಲ. ಮೊದಲ ಕಾಲು ಗಂಟೆ ಹಿತವಾಗಿರುತ್ತದೆ. ಆಮೇಲೆ ಕಣ್ಣು ಉರಿಯುತ್ತದೆ, ಹಣೆಯ ಚರ್ಮ ಬಿಗಿಯುತ್ತದೆ. ಬೇರೆ ಕಡೆ ನೋಡುವಂತಿಲ್ಲ ಎಂದಾಗ ಮನಸ್ಸು ತಾನೇ ಬೇರೆ ಕಡೆ ಹೋಗುತ್ತದೆ. ವರ್ಷಗಳಿಂದ ನೆನೆಯದಿದ್ದ ಮಾತುಗಳು ಒಂದೊಂದಾಗಿ ಬಂದು ಎದುರು ನಿಲ್ಲುತ್ತವೆ. ಒಂಬತ್ತಕ್ಕೆ ಎದ್ದು ಬೀದಿಗೆ ಬಂದರೆ ಅರ್ಧ ದಾರಿಯವರೆಗೂ ಮನೆಗಳ ಗೋಡೆಯ ಮೇಲೆ ಕೆಂಪು ಮಚ್ಚೆಗಳು ಕುಣಿಯುತ್ತಿದ್ದವು. ಒಂದು ಗಂಟೆಗೇ ಹೀಗೆ. ಆ ಲೆಕ್ಕವನ್ನು ಮುಂದುವರಿಸಿ ನೋಡುವ ಬುದ್ಧಿ ನನಗೆ ಬರಲಿಲ್ಲ.

ನಾಲ್ಕನೆಯ ವಾರದಿಂದ ಬಿರುಕು ಬಿಡತೊಡಗಿತು. ಬುಧವಾರ ಎರಡು ಗಂಟೆಗೆ ಬರಬೇಕಾದ ಟೈಲರ್ ಬರಲಿಲ್ಲ, ಮದುವೆ ಬಟ್ಟೆ ಹೊಲಿಯುವುದಿತ್ತಂತೆ. ಮೇಷ್ಟ್ರು ಕೂತಲ್ಲೇ ತೂಕಡಿಸಿದರು. ಇನ್ನೊಬ್ಬರು ಮೊಬೈಲ್ ನೋಡುತ್ತ ಕೂತಿದ್ದರು. ಒಲೆ ಆರಿದರೆ ಮತ್ತೆ ಹಚ್ಚಬಹುದು, ಆದರೆ ನಡುವೆ ತಣಿದು ಮತ್ತೆ ಕಾದ ಸಾರು ಮೊದಲಿನದಲ್ಲ. ಬಣ್ಣ ಕಲಗಚ್ಚಿನಂತಾಗುತ್ತದೆ, ಮೇಲೆ ಜಿಡ್ಡು ಕಟ್ಟುತ್ತದೆ, ಕೊನೆಯಲ್ಲಿ ನಾಲಿಗೆಗೆ ಹಸಿ ಮೂಳೆಯ ವಾಸನೆ ತಟ್ಟುತ್ತದೆ. ಎರಡು ಸಲ ವಾಸಣ್ಣ ಇಡೀ ಪಾತ್ರೆಯನ್ನು ಚರಂಡಿಗೆ ಸುರಿದರು. ಉಳಿದ ದಿನಗಳಲ್ಲಿ ಮೆಣಸಿನ ಪುಡಿ ಜಾಸ್ತಿ ಹಾಕಿ ಕೊಟ್ಟರು. ನಾನು ಸಂಜೆ ಹೊತ್ತು ಬರದವರ ಮನೆಗೆ ಹೋಗಿ ಬಾಗಿಲು ತಟ್ಟತೊಡಗಿದೆ. ನಾನು ಬರುವುದು ಕಂಡರೆ ಕೆಲವರು ಒಳಗಿನಿಂದಲೇ ಸ್ನಾನಕ್ಕೆ ಹೋಗಿದ್ದಾರೆ ಎನ್ನಿಸುತ್ತಿದ್ದರು.

ಆ ದಿನಗಳಲ್ಲೇ ಕುಂಬಾರಗೇರಿಯ ಮೀಟರ್ ಓದುವವರು ರಜೆ ಹಾಕಿದರು. ಅವರ ರಿಜಿಸ್ಟರ್ ನನ್ನ ಪಾಲಿಗೆ ಬಂತು. ಹದಿನಾಲ್ಕನೆಯ ಮನೆಯ ಮುಂದೆ ಹೆಸರು ಓದಿದೆ: ಚೆನ್ನಾಜಮ್ಮ. ಬಾಗಿಲು ಅರ್ಧ ತೆರೆದಿತ್ತು. ನಾನು ಪೆನ್ನು ತೆಗೆದು 'ಬಾಗಿಲು ಹಾಕಿದೆ' ಎಂದು ಬರೆದು ಮುಂದಿನ ಮನೆಗೆ ಹೋಗಿಬಿಡೋಣ ಎಂದುಕೊಂಡೆ. 'ಬಾಗಿಲು' ಎಂದು ಬರೆದೂ ಆಗಿತ್ತು. ಅಷ್ಟರಲ್ಲಿ ಆಕೆಯೇ ಹೊರಗೆ ಬಂದರು.

ಇಷ್ಟು ವರ್ಷದಲ್ಲಿ ನಾನು ಆಕೆಯ ಮುಖವನ್ನು ನೇರವಾಗಿ ನೋಡಿದ್ದು ಅದೇ ಮೊದಲು. ಗುಂಡು ಮುಖ, ಎಡಗೆನ್ನೆ ಬಲಗೆನ್ನೆಗಿಂತ ಕಪ್ಪು. ಆ ಕಡೆಗೆ ಒಲೆಯ ಬಾಯಿ ಇರುತ್ತಿತ್ತೇನೋ. ಕಣ್ಣಿನ ಅಂಚು ಕೆಂಪಾಗಿತ್ತು. ಆಕೆ ನನ್ನನ್ನು ಬಹಳ ಹೊತ್ತು, ರೆಪ್ಪೆ ಬಡಿಯದೆ ನೋಡಿದರು. ಸಿಟ್ಟಿನಿಂದಲ್ಲ, ಅವರ ನೋಟವೇ ಹಾಗಿತ್ತು. ಮೀಟರ್ ನೀರಿನ ತೊಟ್ಟಿಯ ಹಿಂದಿದೆ ಎಂದು ತೋರಿಸಿ, ಅಡ್ಡವಿದ್ದ ಬಕೆಟ್ಟನ್ನು ಸರಿಸಿದರು.

ನಾನು ಬಗ್ಗಿ ಅಂಕಿ ಓದಿದೆ. ಹಿಂದಿನ ಸಲದ ಅಂಕಿಯ ಪಕ್ಕ ಇಟ್ಟು ನೋಡಿದರೆ ಒಂದು ತಿಂಗಳಲ್ಲಿ ಅದು ಕದಲಿಯೇ ಇಲ್ಲವೆನ್ನಬೇಕು. ಗಾಜು ತಟ್ಟಿ ನೋಡಿದೆ. ಮೀಟರ್ ಕೆಟ್ಟಿರಬಹುದು, ಬದಲಿಗೆ ಅರ್ಜಿ ಕೊಡಿ ಎಂದೆ.

"ಕೆಟ್ಟಿಲ್ಲ ಕಣಮ್ಮ" ಎಂದರು ಚೆನ್ನಾಜಮ್ಮ. "ಒಲೆ ಹಚ್ಚಿದ್ರಲ್ವಾ ಪಾತ್ರೆ ತೊಳೆಯೋದು."

ಒಳಗೆ ಕಣ್ಣು ಹಾಯಿಸಿದೆ. ಅಡುಗೆಮನೆಯ ಒಲೆಯ ಮೇಲೆ ಮಡಿಚಿದ ಗೋಣಿಚೀಲ ಹಾಸಿತ್ತು. ಪಕ್ಕದಲ್ಲಿ ಕಡಲೆಪುರಿಯ ಡಬ್ಬ, ಮಜ್ಜಿಗೆಯ ಚೊಂಬು. ತನ್ನೊಬ್ಬಳ ಹೊಟ್ಟೆಗೆ ಮತ್ತೆ ಬೆಂಕಿ ನೋಡುತ್ತ ಕೂರಲು ಬೇಜಾರು ಎಂದು ಆಕೆಯೇ ಹೇಳಿದರು. ಬೆಳಗ್ಗೆ ಎಂಟಾಯಿತೆಂದರೆ ಕೈಕಾಲು ತಾವಾಗಿಯೇ ಸೇತುವೆ ಕಡೆಗೆ ಹೊರಡುತ್ತವಂತೆ. ಬೀದಿಯ ತುದಿಯವರೆಗೆ ಹೋಗಿ ತಿರುಗಿ ಬರುತ್ತಾರಂತೆ. ಬೇರೆ ಎರಡು ಅಂಗಡಿಗಳಲ್ಲಿ ಕೇಳಿದ್ದರು. ಅಲ್ಲೂ ಪಟ್ಟಿ ಮಾಡಿದ್ದಾರೆ, ಬೇಡ ಎಂದರಂತೆ.

"ಪಟ್ಟಿ ಬರೆದೋರು ನೀವೇ ಅಲ್ವಾ? ವಾಸಣ್ಣ ತೋರ್ಸಿದ್ರು. ಅಕ್ಷರ ಗುಂಡಗವೆ."

ನಾನು ರಿಜಿಸ್ಟರನ್ನು ಎದೆಗೆ ಒತ್ತಿ ಹಿಡಿದುಕೊಂಡೆ. ನಿಮ್ಮನ್ನು ಒಂದು ಮಾತು ಕೇಳಬೇಕಾಗಿತ್ತು ಎಂದೆ.

"ಕೇಳಿದ್ರೆ ಏನಂತಿದ್ದೆ ನಾನು? ಅಂಗ್ಡಿ ಮುಚ್ಚೋಗ್ಲಿ ಅಂತಿದ್ನಾ? ಆಯ್ತು ಅಂತಿದ್ದೆ. ಆದ್ರೂ ಕೇಳ್ಬೇಕಿತ್ತು."

ಆಮೇಲೆ ಆಕೆ ಸಾರು ಹೇಗಿದೆ ಎಂದು ವಿಚಾರಿಸಿದರು. ನಾನು ಸುಳ್ಳು ಹೇಳಬಹುದಾಗಿತ್ತು. ಕೆಟ್ಟಿದೆ ಎಂದೆ. ಆಕೆಗೆ ಅದರಿಂದ ಸಂತೋಷವಾದಂತೆ ಕಾಣಲಿಲ್ಲ. ಎಷ್ಟು ಗಂಟೆಗೆ ಆರಿತು, ಆಗ ಪಾತ್ರೆ ಎಷ್ಟು ಇಳಿದಿತ್ತು ಎಂದು ಕೇಳಿ ತಿಳಿದುಕೊಂಡರು. ಬರೀ ನೋಡಿದರೆ ಸಾಲದು, ಕೇಳಿಸಿಕೊಳ್ಳಬೇಕು ಎಂದರು. ಮೂರು ಗಂಟೆಯ ಸುಮಾರಿಗೆ ಕುದಿಯುವ ಸದ್ದು ಗಡುಸಾಗುತ್ತದಂತೆ, ಆಗ ಒಂದು ಕೊಳ್ಳಿಯನ್ನು ಹಿಂದಕ್ಕೆ ಎಳೆಯಬೇಕಂತೆ. ಪಟ್ಟಿಯಲ್ಲಿದ್ದ ಅರವತ್ತು ಜನರಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಆಕೆ ಸುಮ್ಮನೆ ಕೂತಿದ್ದಾರೆ ಎಂದು ನಾವು ತಿಳಿದಿದ್ದೆವು.

ಆ ಶುಕ್ರವಾರ ನಾನು ಗೋಡೆಯ ಮೇಲಿನ ಪಟ್ಟಿಯನ್ನು ಕಿತ್ತೆ. ವಾಸಣ್ಣ ಬೇಡ ಎನ್ನಲಿಲ್ಲ. ಸಾರು ಕುಡಿಯುತ್ತಿದ್ದವರೆಲ್ಲ ತಲೆಯೆತ್ತಿ ನೋಡಿದರು. ನಾನು ಭಾಷಣ ಮಾಡಿ ಅಭ್ಯಾಸವಿದ್ದವಳಲ್ಲ. ಒಬ್ಬರ ಕೆಲಸವನ್ನು ನಾವು ಪುಕ್ಕಟೆ ಮಾಡಿ ಅವರ ಅನ್ನ ಕಿತ್ತಿದ್ದೇವೆ, ಮೊದಲು ಮಾಡಿದವಳು ನಾನು ಎಂದೆ. ಚೆನ್ನಾಜಮ್ಮನನ್ನು ಮತ್ತೆ ಕರೆಸೋಣ, ಅದಕ್ಕೆ ಎಷ್ಟಾಗುತ್ತದೋ ಅಷ್ಟನ್ನು ಬಟ್ಟಲಿನ ಬೆಲೆಗೆ ಸೇರಿಸಲಿ ಎಂದೆ. ಮೇಷ್ಟ್ರು ಮೊದಲು ತಲೆಯಾಡಿಸಿದರು, ತಮಗೆ ತೂಕಡಿಕೆ ಬಂದದ್ದನ್ನು ನೆನೆಸಿಕೊಂಡೋ ಏನೋ. ಆಗಲಿ ಎಂದರು ಟೈಲರ್. ಎಲ್ಲರೂ ಒಪ್ಪಿದರು ಎಂದು ನಾನು ಅಂದುಕೊಳ್ಳುವಷ್ಟರಲ್ಲಿ ಮೂಲೆಯ ಮೇಜಿನಿಂದ ರೇವಣ್ಣ ಎದ್ದು ನಿಂತರು. ಅವರ ಮುಂದೆ ಬಟ್ಟಲು, ಎರಡೂ ಪಕ್ಕ ಇಬ್ಬರು ಹುಡುಗಿಯರು.

"ನಿಮ್ದು ಒಬ್ರದು ಒಂದು ಬಟ್ಟಲು, ಅಂಬುಜಕ್ಕ. ನಮ್ದು ಮೂರು ಜನಕ್ಕೆ ಒಂದು. ಇನ್ನೂ ಏರಿದ್ರೆ ಇವ್ರಿಬ್ರೂ ತಿನ್ನೋದನ್ನ ನಾನು ನೋಡ್ತಾ ಕೂರ್ಬೇಕಾಯ್ತದೆ. ನಾನು ಭಾನುವಾರ ಒಂದೂ ತಪ್ಪಿಸಿಲ್ಲ. ಸೌದೆನೂ ತಂದಿದೀನಿ."

ಅದು ನಿಜ. ಪಟ್ಟಿಯಲ್ಲಿ ಒಂದು ದಿನವೂ ತಪ್ಪದೆ ಬಂದವರು ಅವರೊಬ್ಬರೇ. ನಿಮ್ಮ ಪಾಲಿನದನ್ನು ನಾನು ಕೊಡುತ್ತೇನೆ ಎಂಬ ಮಾತು ನನ್ನ ಬಾಯಿಯವರೆಗೆ ಬಂದಿತ್ತು. ದೊಡ್ಡ ಹುಡುಗಿ ನನ್ನನ್ನೇ ನೋಡುತ್ತಿದ್ದಳು. ನುಂಗಿಕೊಂಡೆ. ರೇವಣ್ಣ ಕೂತು, ಉಳಿದ ಶಾವಿಗೆಯನ್ನು ಮಕ್ಕಳಿಬ್ಬರಿಗೆ ಸಮನಾಗಿ ಎಳೆದು ಕೊಟ್ಟರು. ಹೋಗುವಾಗ ವಾಸಣ್ಣನಿಗೆ ಕೈಮುಗಿದರು, ನನಗೂ ಮುಗಿದರು. ಮುಂದಿನ ಶುಕ್ರವಾರ ಅವರು ಬರಲಿಲ್ಲ, ಅದರ ಮುಂದಿನ ಶುಕ್ರವಾರವೂ ಬರಲಿಲ್ಲ. ಸಾಮಿಲ್ಲಿನ ಬೀದಿಯಲ್ಲಿ ಮೀಟರ್ ಓದಲು ಹೋದಾಗ ಒಮ್ಮೆ ಅವರನ್ನು ಕಂಡೆ. ಮಕ್ಕಳೊಂದಿಗೆ ಒಂದು ಗಾಡಿಯ ಪಕ್ಕ ನಿಂತು ಪುಡಿಯ ಸಾರು ಕುಡಿಯುತ್ತಿದ್ದರು, ಮೂವರ ಕೈಯಲ್ಲೂ ಒಂದೊಂದು ಲೋಟ. ಮಾತಾಡಿಸಿದರು, ಚೆನ್ನಾಗಿದ್ದೀರಾ ಎಂದು ಕೇಳಿದರು. ನಾನು ಸರಿಯಾದದ್ದನ್ನೇ ಮಾಡಿದೆ ಎಂದು ಈಗಲೂ ಅಂದುಕೊಳ್ಳುತ್ತೇನೆ. ಆದರೆ ಆ ಸರಿಯ ಬೆಲೆಯನ್ನು ನಾನು ತೆತ್ತಿದ್ದಕ್ಕಿಂತ ಹೆಚ್ಚಾಗಿ ಆ ಇಬ್ಬರು ಹುಡುಗಿಯರು ತೆತ್ತರು.

ವಾಸಣ್ಣ ಹೆಡ್ ಆಫೀಸಿಗೆ ಉದ್ದದ ಪತ್ರ ಬರೆದರು. ವಾರಕ್ಕೆ ಏಳು ದಿನದ ಬದಲು ಬುಧ, ಶುಕ್ರ, ಭಾನುವಾರ ಮಾತ್ರ ಅಂಗಡಿ ತೆರೆಯುವುದು, ಪೂರ್ತಿ ದಿನ ಕುದಿಸಿದ ಸಾರನ್ನೇ ಕೊಡುವುದು, ಬೆಲೆ ಏರಿಸುವುದು. ಉತ್ತರ ಬರುವವರೆಗೆ ಉಳಿದವರೇ ಹೇಗೋ ಸರದಿ ನಡೆಸಿದೆವು. ಮಾಗಿ ಕಳೆಯುವವರೆಗೆ ಮಾಡಿ ನೋಡಿ ಎಂದು ಉತ್ತರ ಬಂತು. ನನ್ನ ಮಂಗಳವಾರ ಹೋಯಿತು. ಏರಿದ ಬೆಲೆಗೆ ನನಗೂ ವಾರಕ್ಕೆ ಒಂದು ಸಲವೇ ಗಟ್ಟಿ. ಉಳಿದ ದಿನ ಅವಲಕ್ಕಿ ನೆನೆಸಿಕೊಳ್ಳುವುದನ್ನು ರೂಢಿ ಮಾಡಿಕೊಂಡೆ.

ಚೆನ್ನಾಜಮ್ಮನನ್ನು ಕರೆಯಲು ವಾಸಣ್ಣನ ಜೊತೆ ನಾನೂ ಹೋದೆ. ವಾರಕ್ಕೆ ಮೂರೇ ದಿನ, ಸಂಬಳವೂ ಅಷ್ಟಕ್ಕೇ ಎಂದು ಹೇಳಲು ವಾಸಣ್ಣ ಒದ್ದಾಡಿದರು. ಆಕೆ ತಡೆಯದೆ ಪೂರ್ತಿ ಕೇಳಿಸಿಕೊಂಡರು. ನಡುವೆ ಒಂದೊಂದು ದಿನ ಬಿಡುವು ಸಿಕ್ಕರೆ ಕಣ್ಣಿಗೂ ಒಳ್ಳೆಯದೇ ಎಂದರು. ಮಿಕ್ಕ ದಿನಗಳಲ್ಲಿ ಪಕ್ಕದ ಮನೆಯ ಬಾಣಂತಿಗೆ ನೀರು ಕಾಯಿಸಿ ಕೊಡುವ ಕೆಲಸ ಗೊತ್ತಾಗಿದೆಯಂತೆ. ಆಮೇಲೆ ತಮ್ಮದೂ ಒಂದು ಮಾತಿದೆ ಎಂದರು.

"ಸಂಜೆ ಸಾರು ಕೊಡಕ್ಕೆ ಸುರು ಮಾಡಿದ್ ಮ್ಯಾಲೆ ನಾನೂ ಹೊರಗೆ ಬಂದು ಕೂತು ಒಂದು ಬಟ್ಟಲು ಉಣ್ಬೇಕು. ಬಿಸೀದು. ಅಷ್ಟೊತ್ತು ಯಾರಾದ್ರೂ ಒಲೆ ನೋಡ್ಲಿ."

ಸಾರು ಆಗುವುದು ಸಂಜೆ ಐದಕ್ಕೆ. ಆಗಿನಿಂದ ಜನ, ವಾಸಣ್ಣನಿಗೆ ಪುರುಸೊತ್ತಿಲ್ಲ, ಪಾತ್ರೆ ಖಾಲಿಯಾದ ಮೇಲೇ ಆಕೆ ಏಳುತ್ತಿದ್ದದ್ದು. ಇಪ್ಪತ್ತೆರಡು ವರ್ಷ ತಾವು ಕಾದ ಸಾರನ್ನು ಆಕೆ ಒಂದು ಸಲವೂ ಕುಡಿದಿರಲಿಲ್ಲ. ತಿರುಗಿ ಬರುವಾಗ ಸೇತುವೆಯ ಹತ್ತಿರ ವಾಸಣ್ಣ, ನಾನು ಪ್ರತಿ ದಿನ ಆಕೆಯ ಪಕ್ಕದಲ್ಲೇ ನಿಂತು ಶಾವಿಗೆ ಎಳೆಯುತ್ತಿದ್ದೆನಲ್ಲ ಎಂದಷ್ಟೇ ಅಂದರು.

ಹೊಸ ಲೆಕ್ಕದಲ್ಲಿ ಅಂಗಡಿ ತೆರೆದದ್ದು ಒಂದು ಶುಕ್ರವಾರ. ಐದೂವರೆಯ ಹೊತ್ತಿಗೆ ಮೇಜುಗಳು ಮುಕ್ಕಾಲು ತುಂಬಿದ್ದವು. ಮೊದಲಿನಷ್ಟು ಜನ ಇರಲಿಲ್ಲ. ನಾನು ಅಡ್ಡಗೋಡೆಯಾಚೆ ಹೋಗಿ ಚೆನ್ನಾಜಮ್ಮನ ಮಣೆಯ ಪಕ್ಕ ನಿಂತು ಬೆಂಕಿಯ ಮೇಲೆ ಕಣ್ಣಿಟ್ಟೆ. ಕಣ್ಣಲ್ಲಿ ಹಿಡಿದಿರಾ ಎಂದು ಕೇಳಿದರು. ಹಿಡಿದೆ ಎಂದೆ. ಆಕೆ ಎದ್ದರು, ಸೆರಗು ಕೊಡವಿದರು. ಹೊರಗೆ ಬೆಂಚು ಎಳೆದ ಸದ್ದಾಯಿತು. ಮೇಷ್ಟ್ರು ಜಾಗ ಬಿಟ್ಟುಕೊಟ್ಟರು ಎಂದು ತೋರುತ್ತದೆ, ಇಲ್ಲಿ ಕೂತ್ಕೊಳಿ ಎನ್ನುವುದು ಕೇಳಿಸಿತು. ವಾಸಣ್ಣ ಬಟ್ಟಲು ಇಟ್ಟದ್ದು ಕೇಳಿಸಿತು. ಆಮೇಲೆ ಅಂಗಡಿಯಲ್ಲಿ ಮಾತು ನಿಂತಿತು. ಎಲ್ಲರೂ ಆಕೆಯನ್ನೇ ನೋಡುತ್ತಿದ್ದಿರಬೇಕು. ನೋಡಲಾಗದಿದ್ದವಳು ನಾನೊಬ್ಬಳೇ. ಮೊದಲ ಗುಟುಕಿಗೆ ಆಕೆಯ ಮುಖ ಹೇಗಾಯಿತೋ ಎಂದು ತಿರುಗಿ ನೋಡುವ ಆಸೆ ಕುತ್ತಿಗೆಯಲ್ಲಿ ನೋವಾಗಿ ಕೂತಿತ್ತು. ಬೆಂಕಿಯನ್ನೇ ನೋಡಿದೆ. ಬಲಗಡೆಯ ಒಂದು ಕೊಳ್ಳಿ ಸುಯ್ಯೆಂದು ಸದ್ದು ಮಾಡಿತು. ಏನು ಮಾಡಬೇಕೆಂದು ಗೊತ್ತಿಲ್ಲದೆ ಹಾಗೇ ಬಿಟ್ಟೆ.

ಆಕೆ ಅವಸರ ಮಾಡಲಿಲ್ಲ. ಬಹಳ ಹೊತ್ತಾದ ಮೇಲೆ ಹೆಜ್ಜೆ ಸದ್ದು ಹತ್ತಿರ ಬಂತು, ಶುಂಠಿಯ ವಾಸನೆ ಬಂತು. ಏಳಿ, ಆಯ್ತು ಎಂದರು. ಆಕೆಯ ಕಣ್ಣು ಬೆಂಕಿಯ ಮೇಲೆ ನಿಂತದ್ದನ್ನು ಖಚಿತ ಮಾಡಿಕೊಂಡು ನಾನು ಪಕ್ಕಕ್ಕೆ ಸರಿದೆ. ಆಕೆ ಕೂತು, ಸುಯ್ಯೆನ್ನುತ್ತಿದ್ದ ಕೊಳ್ಳಿಯನ್ನು ಎರಡು ಬೆರಳಿನಷ್ಟು ಹಿಂದಕ್ಕೆ ಎಳೆದರು. ವಾಸಣ್ಣನೂ ಕೈಯಲ್ಲಿ ಹಿಟ್ಟು ಮೆತ್ತಿಕೊಂಡೇ ಬಂದು ನಿಂತಿದ್ದರು. ಹೇಗಿತ್ತು ಎಂದು ನಾನೇ ಕೇಳಿದೆ.

ಚೆನ್ನಾಜಮ್ಮ ನಮ್ಮ ಕಡೆ ತಿರುಗಲಿಲ್ಲ, ತಿರುಗುವಂತೆಯೂ ಇರಲಿಲ್ಲ.

"ಇದಕ್ಕಾ ಇಷ್ಟು ಜನ ಬತ್ತಿದ್ದಿದ್ದು?" ಎಂದರು. ಹೊಗಳಿಕೆಯೋ ತೆಗಳಿಕೆಯೋ ದನಿಯಲ್ಲಿ ಗೊತ್ತಾಗಲಿಲ್ಲ. ಇನ್ನೂ ರುಚಿ ನೋಡುತ್ತಿರುವವರಂತೆ ನಾಲಿಗೆಯನ್ನು ಒಮ್ಮೆ ಹಲ್ಲಿನ ಸುತ್ತ ಆಡಿಸಿದರು. ಆಮೇಲೆ ಹೇಳಿದರು: "ಚೆನ್ನಾಗೈತೆ. ಆದ್ರೆ ಮೂಳೆ ಇನ್ನೂ ರಸ ಬಿಟ್ಕೊಡೋದೈತೆ, ಪೂರಾ ಬಿಟ್ಟಿಲ್ಲ. ಭಾನುವಾರ ಏಳು ಗಂಟೆಗೇ ಏರ್ಸಿ. ನಾನು ಒಂದು ಗಂಟೆ ಮುಂಚೆ ಬತ್ತೀನಿ."

ವಾಸಣ್ಣ ನನ್ನ ಮುಖ ನೋಡಿದರು. ಒಂದು ಗಂಟೆ ಎಂದರೆ ಒಂದು ಗಂಟೆಯ ಸೌದೆ, ಅದನ್ನು ಹೆಡ್ ಆಫೀಸಿಗೆ ಬರೆಯಬೇಕಾದವರು ಅವರು. ಹಿಟ್ಟಿನ ಕೈಯನ್ನು ಅಂಗಿಗೆ ಒರೆಸಿಕೊಂಡು, ಆಗಲಿ ಚೆನ್ನಾಜಮ್ಮ, ಏಳಕ್ಕೇ ಏರಿಸುತ್ತೇನೆ ಎಂದರು.